ಜಠರದ ಹಿಂದೆ ಅಡಗಿದ ಗ್ರಂಥಿ



ಗ್ರಾಮಫೋನಿಗೆ ಕಿವಿಗೊಟ್ಟು ಕುಳಿತ ಎಚ್‌ಎಂವಿ ನಾಯಿ ನಿಮಗೆಲ್ಲ ಗೊತ್ತು. ಹಳೆಯ ಕನ್ನಡ ಚಿತ್ರಗೀತೆಗಳೆಷ್ಟೋ ಆ ಮುದ್ರೆಯ ತಟ್ಟೆಗಳಲ್ಲೇ ಮನೆ ಸೇರಿದವು. ಬ್ರಿಟನ್ನಿನಲ್ಲಿ ಆ ಮುದ್ರೆಯ ಒಡೆತನ ಇಎಂಐ ಕಂಪನಿಯದಾಗಿತ್ತು. ಡಾಕ್ಟರು ಬರೆದುಕೊಡುವ ಸಿಟಿ ಸ್ಕ್ಯಾನ್ ಹುಟ್ಟಿದ್ದೂ ಅದೇ ಕಂಪನಿಯ ಪ್ರಯೋಗಾಲಯದಲ್ಲಿ ಎಂದರೆ ನಂಬುತ್ತೀರಾ? ಆ ಯಂತ್ರದಿಂದ ಬಹಳ ಲಾಭ ಪಡೆದ ಕಾಯಿಲೆಗಳಲ್ಲಿ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್ ಒಂದು.

ಗೇಣಿಗಿಂತ ಚಿಕ್ಕದಾದ ಈ ಗ್ರಂಥಿ ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ ಅಡ್ಡಡ್ಡ ಮಲಗಿರುತ್ತದೆ. ಹೊಟ್ಟೆ ಒತ್ತಿ ನೋಡಿದರೆ ಕೈಗೆ ಸಿಗುವುದಿಲ್ಲ. ಕಾಮಾಲೆಯ ಜೊತೆಗೆ ಪಿತ್ತಕೋಶ ನೋವಿಲ್ಲದೆ ಉಬ್ಬಿದ್ದರೆ ಕಾರಣ ಕಲ್ಲಾಗಿರುವ ಸಂಭವ ಕಡಿಮೆ ಎಂದು ಸ್ವಿಸ್ ಶಸ್ತ್ರವೈದ್ಯ ಕೂರ್ವಾಸಿಯೆ 1890ರಲ್ಲೇ ಬರೆದಿದ್ದ. 1895ರಲ್ಲಿ ರಾಂಟ್‌ಜೆನ್ ಎಕ್ಸ್-ರೇ ಕಂಡುಹಿಡಿದ. ಮೂಳೆ ಕಂಡಿತು, ಈ ಗ್ರಂಥಿ ಕಾಣಲಿಲ್ಲ. ಬೇರಿಯಂ ಕುಡಿಸಿ, ಪಕ್ಕದ ಕರುಳು ಆಕಾರಗೆಟ್ಟಿದೆಯೇ ಎಂದು ನೋಡುತ್ತಿದ್ದರು. ಪಕ್ಕದ ಮನೆಯ ಗೋಡೆ ಉಬ್ಬಿದ್ದನ್ನು ಕಂಡು ಈ ಮನೆಯ ಸ್ಥಿತಿ ಊಹಿಸಿದ ಹಾಗೆ!

1935ರಲ್ಲಿ ನ್ಯೂಯಾರ್ಕಿನ ಅಲನ್ ವಿಪಲ್ ತನ್ನ ಹೆಸರಿನಲ್ಲೇ ಪ್ರಸಿದ್ಧವಾದ ದೊಡ್ಡ ಶಸ್ತ್ರಚಿಕಿತ್ಸೆಯನ್ನು ಪ್ರಕಟಿಸಿದ. ಆದರೆ ಅದು ಯಾರಿಗೆ ಆಗುತ್ತದೆ, ಯಾರಿಗೆ ಆಗುವುದಿಲ್ಲ ಎಂದು ತಿಳಿಯುತ್ತಿದ್ದದ್ದು ಹೊಟ್ಟೆ ತೆರೆದ ಮೇಲೆಯೇ. ಗಡ್ಡೆ ಮುಖ್ಯ ರಕ್ತನಾಳವನ್ನು ಸುತ್ತಿಕೊಂಡಿದ್ದರೆ ಗಡ್ಡೆಯನ್ನು ಬಿಟ್ಟು ಹೊಲಿಗೆ ಹಾಕುವುದೇ ಗತಿ. ಉಳಿದಿರುವ ಕೆಲವೇ ತಿಂಗಳಲ್ಲಿ ಎಷ್ಟೋ ದಿನ ಆ ಗಾಯ ಮಾಯಲೆಂದೇ ಕಳೆಯುತ್ತಿತ್ತು.

ಇಎಂಐನ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಕಟ್ಟಿದ ಯಂತ್ರ 1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್‌ನಲ್ಲಿ ಮೊದಲ ರೋಗಿಯ ಮಿದುಳನ್ನು ತೋರಿಸಿತು. (ಬೀಟಲ್ಸ್ ಹಾಡುಗಳ ದುಡ್ಡಿನಿಂದಲೇ ಇದು ಹುಟ್ಟಿತೆಂಬ ಕಥೆ ಬಲು ಜನಪ್ರಿಯ. ಖರ್ಚಿನ ದೊಡ್ಡ ಪಾಲು ಬ್ರಿಟಿಷ್ ಆರೋಗ್ಯ ಇಲಾಖೆಯದು.) ಆ ಯಂತ್ರದೊಳಗೆ ತಲೆ ಮಾತ್ರ ಹಿಡಿಯುತ್ತಿತ್ತು. ಇಡೀ ದೇಹ ನೋಡುವ ಯಂತ್ರವನ್ನು 1974ರ ಹೊತ್ತಿಗೆ ವಾಷಿಂಗ್ಟನ್ನಿನಲ್ಲಿ ರಾಬರ್ಟ್ ಲೆಡ್ಲಿ ತಂದ. ಆದರೂ ಉಸಿರಾಡಿದಾಗ ಹೊಟ್ಟೆ ಅಲುಗಿ ಚಿತ್ರ ಮಸುಕಾಗುತ್ತಿತ್ತು. 1989ರಲ್ಲಿ ಸ್ಪೈರಲ್ ಸ್ಕ್ಯಾನ್ ಬಂದ ಮೇಲೆ ಒಂದೇ ಉಸಿರಿನಲ್ಲಿ ಕೆಲಸ ಮುಗಿಯತೊಡಗಿತು.

ನಿಜವಾದ ಜಾಣತನ ಗಡಿಯಾರದಲ್ಲಿದೆ. ತೋಳಿನ ನಾಳಕ್ಕೆ ಅಯೋಡಿನ್ ಇರುವ ದ್ರವ ಕೊಟ್ಟ ಸುಮಾರು 40-45 ಸೆಕೆಂಡಿಗೆ ಗ್ರಂಥಿ ಬೆಳ್ಳಗೆ ಹೊಳೆಯುತ್ತದೆ. ರಕ್ತ ಕಡಿಮೆ ಹರಿಯುವ ಗಡ್ಡೆ ಕಪ್ಪಾಗಿ ಉಳಿಯುತ್ತದೆ. ಸುಮಾರು 70 ಸೆಕೆಂಡಿಗೆ ಮತ್ತೊಮ್ಮೆ ಚಿತ್ರ, ಲಿವರಿಗೆ ಹರಡಿದೆಯೇ ಎಂದು ನೋಡಲು. ಮಧ್ಯೆ ಯಂತ್ರ "ಉಸಿರು ಬಿಗಿಹಿಡಿಯಿರಿ" ಎನ್ನುತ್ತದೆ. ಮುಂಬಯಿ, ದೆಹಲಿಯಲ್ಲಿ ಅದು ಕನ್ನಡದಲ್ಲಿ ಕೇಳುವುದು ಅಪರೂಪ. ಊರಿನಿಂದ ಬಂದ ಅಮ್ಮನನ್ನೋ ಮಾವನವರನ್ನೋ ಕರೆದೊಯ್ಯುವಾಗ ಮೊದಲೇ ತಿಳಿಸಿಬಿಡಿ.

ರಿಪೋರ್ಟಿನಲ್ಲಿ ಗಡ್ಡೆಯ ಅಳತೆಯಷ್ಟೇ ಮುಖ್ಯವಾದ ಇನ್ನೊಂದು ಸಂಖ್ಯೆ ಇರುತ್ತದೆ: 180 ಡಿಗ್ರಿ. ಕರುಳಿಗೆ ರಕ್ತ ಒಯ್ಯುವ ದೊಡ್ಡ ಅಪಧಮನಿಯನ್ನು ಗಡ್ಡೆ ಮುಟ್ಟಿಯೇ ಇಲ್ಲವೆಂದರೆ ಒಳ್ಳೆಯ ಸುದ್ದಿ. ಅರ್ಧ ಸುತ್ತಿನೊಳಗೆ ತಾಗಿದ್ದರೆ ಸಾಮಾನ್ಯವಾಗಿ ಮೊದಲು ಕೀಮೋ, ಆಮೇಲೆ ಶಸ್ತ್ರಚಿಕಿತ್ಸೆಯ ಯೋಚನೆ. ಅರ್ಧ ಸುತ್ತು ಮೀರಿದ್ದರೆ ತೆಗೆಯುವುದು ಕಷ್ಟ. ವಿಪಲ್‌ನ ಕಾಲದಲ್ಲಿ ಕತ್ತಿ ಹೇಳುತ್ತಿದ್ದುದನ್ನು ಈಗ ಚಿತ್ರ ಹೇಳುತ್ತದೆ.

1980ರಲ್ಲಿ ಬಾಯಿಯ ಮೂಲಕ ಇಳಿಸುವ ಅಲ್ಟ್ರಾಸೌಂಡ್ ಬಂತು. 1992ರಲ್ಲಿ ಡೆನ್ಮಾರ್ಕಿನ ಪೀಟರ್ ವಿಲ್ಮನ್ ಅದರ ಮೂಲಕವೇ ಸೂಜಿ ಹಾಯಿಸಿ ಗಡ್ಡೆಯ ಚೂರು ತೆಗೆದ. 2 ಸೆಂಟಿಮೀಟರಿಗಿಂತ ಚಿಕ್ಕ ಗಡ್ಡೆಯನ್ನು ಸಿಟಿ ಕೆಲವೊಮ್ಮೆ ತಪ್ಪಿಸಿಕೊಳ್ಳುತ್ತದೆ, ಆಗ ಇದೇ ಆಸರೆ.

ಇಷ್ಟಾದರೂ ಪತ್ತೆಯಾಗುವ ಹೊತ್ತಿಗೆ ಶಸ್ತ್ರಚಿಕಿತ್ಸೆಗೆ ತಕ್ಕ ಸ್ಥಿತಿಯಲ್ಲಿರುವವರು ಸುಮಾರು ಐವರಲ್ಲಿ ಒಬ್ಬರು. ಎಲ್ಲರಿಗೂ ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಿ ಎಂದು ಯಾರೂ ಹೇಳುವುದಿಲ್ಲ. ಒಂದೇ ಕುಟುಂಬದಲ್ಲಿ ಹಲವರಿಗೆ ಈ ಕಾಯಿಲೆ ಬಂದಿದ್ದರೆ ಎಂಆರ್‌ಐ ಮತ್ತು ಒಳಗಿನ ಅಲ್ಟ್ರಾಸೌಂಡ್‌ನಿಂದ ನಿಗಾ ಇಡುತ್ತಾರೆ. ಉಳಿದವರು ನೋವಿಲ್ಲದ ಕಾಮಾಲೆ, ಕಾರಣವಿಲ್ಲದೆ ಇಳಿಯುವ ತೂಕ, ಐವತ್ತು ದಾಟಿದ ಮೇಲೆ ತೂಕ ಇಳಿಯುತ್ತಲೇ ಹೊಸದಾಗಿ ಕಾಣಿಸಿಕೊಳ್ಳುವ ಸಕ್ಕರೆ ಕಾಯಿಲೆ, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಡಾಕ್ಟರಿಗೆ ತೋರಿಸಿ.