ಥಾಣೆ–ಬೇಲಾಪುರ ರಸ್ತೆ ಮತ್ತು ಐಸ್ ಪೆಟ್ಟಿಗೆಯ ಕಥೆ

ಮಳೆಗಾಲಕ್ಕೆ ಮುಂಚಿನ ವಾರಗಳಲ್ಲಿ ಮುಂಬಯಿ ಆಸುಪಾಸಿನ ಐರೋಲಿ, ರಬಾಳೆ, ಡೊಂಬಿವಲಿ, ಕಲ್ಯಾಣದ ಹುಡುಗರು ಮಿಂಚುಹುಳು ನೋಡಲು ಭಂಡಾರದರಾ ಕಡೆಗೆ ಹೊರಡುತ್ತಾರೆ. ಟೆಂಟು, ಟಾರ್ಚು, ಅಡುಗೆ ಸಾಮಾನಿನ ಜೊತೆ ಒಂದು ಐಸ್ ಬಾಕ್ಸೂ ಗಾಡಿ ಹತ್ತುತ್ತದೆ. ಮೇ ತಿಂಗಳ ಸೆಕೆಯಲ್ಲಿ ಆ ಪೆಟ್ಟಿಗೆಗೆ ನಿಜವಾದ ಪರೀಕ್ಷೆ. ಎರಡನೆಯ ದಿನ ಮಧ್ಯಾಹ್ನಕ್ಕೆ ಒಳಗೆ ಐಸ್ ಉಳಿದಿರುತ್ತದೆಯೇ, ಬರೀ ನೀರೇ?

ಈ ಪ್ರಶ್ನೆ ಮುಂಬಯಿಗೆ ಹೊಸದಲ್ಲ. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ 1833ರಲ್ಲಿ ‘ಟಸ್ಕನಿ’ ಹಡಗಿಗೆ ಸುಮಾರು 180 ಟನ್ ಮಂಜುಗಡ್ಡೆ ತುಂಬಿಸಿ ಕಲ್ಕತ್ತಾಕ್ಕೆ ಕಳಿಸಿದ. ನಾಲ್ಕು ತಿಂಗಳ ಪ್ರಯಾಣ, ಎರಡು ಸಲ ಸಮಭಾಜಕ ವೃತ್ತ ದಾಟಬೇಕು. ಆದರೂ ಸುಮಾರು 100 ಟನ್ ಗಟ್ಟಿಯಾಗಿಯೇ ಬಂದಿಳಿಯಿತು. ಮರುವರ್ಷ ಅಮೆರಿಕದ ಐಸ್ ಮುಂಬಯಿಯನ್ನೂ ಮುಟ್ಟಿತು. ಪಾರ್ಸಿ ವ್ಯಾಪಾರಿ ಜಮ್ಶೇಟ್‌ಜಿ ಜೀಜೀಭಾಯ್ ಅವರು ಔತಣದಲ್ಲಿ ಐಸ್‌ಕ್ರೀಮ್ ಬಡಿಸಿದರೆಂದೂ, ತಿಂದವರಿಗೆ ನೆಗಡಿಯಾಯಿತೆಂದು ಊರೆಲ್ಲ ಮಾತಾಡಿತೆಂದೂ ಹಳೆಯ ಬರಹಗಳು ಹೇಳುತ್ತವೆ. ಕೋಟೆ ಪ್ರದೇಶದಲ್ಲಿ ಐಸ್ ಹೌಸ್ ಎದ್ದಿತು. ಮದರಾಸಿನಲ್ಲಿ 1842ರಲ್ಲಿ ಕಟ್ಟಿದ ಇಂಥದೇ ಐಸ್ ಹೌಸ್ ಇಂದಿಗೂ ವಿವೇಕಾನಂದರ ಹೆಸರಿನಲ್ಲಿ ನಿಂತಿದೆ.

ಟ್ಯೂಡರ್‌ನ ಗುಟ್ಟು ಮರದ ಹೊಟ್ಟು. ಹಲಗೆಯ ಎರಡು ಗೋಡೆಗಳ ನಡುವೆ ಹೊಟ್ಟು ತುಂಬಿಸಿ, ಗಡ್ಡೆಗಳನ್ನು ಸಂದಿಲ್ಲದಂತೆ ಒತ್ತಾಗಿ ಜೋಡಿಸಿ, ಕರಗಿದ ನೀರು ಹೊರಗೆ ಹರಿದುಹೋಗಲು ದಾರಿ ಮಾಡಿಕೊಡುತ್ತಿದ್ದರು. ಶಾಖವನ್ನು ತಡೆಯುತ್ತಿದ್ದದ್ದು ಹೊಟ್ಟಿನ ಕಣಗಳ ನಡುವೆ ಸಿಕ್ಕಿಬಿದ್ದ ಗಾಳಿ. ಹೊಟ್ಟು ತೊಯ್ದರೆ ಗಾಳಿಯ ಜಾಗಕ್ಕೆ ನೀರು ಬರುತ್ತದೆ, ನೀರು ಶಾಖವನ್ನು ಸಲೀಸಾಗಿ ಒಳಕ್ಕೆ ಬಿಡುತ್ತದೆ. ಗೋಡೆ ಒಣಗಿರಬೇಕು ಎಂಬ ಈ ಪಾಠ ಇವತ್ತಿನ ದುಬಾರಿ ಪೆಟ್ಟಿಗೆಗೂ ಅಷ್ಟೇ ನಿಜ.

ಹಡಗಿನ ಐಸ್ ಸಾಹೇಬರ ಮೇಜಿಗೆ ಹೋಯಿತು. ಪೆಟ್ಟಿಗೆಯನ್ನು ನಿಜವಾಗಿ ಪಳಗಿಸಿದವರು ಮೀನಿನ ವ್ಯಾಪಾರದವರು.

ಮಂಗಳೂರು, ಮಲ್ಪೆ ಕರಾವಳಿಯಲ್ಲಿ, ದಡಕ್ಕೆ ಎಳೆಯುವ ರಂಪಣಿ ಬಲೆಯ ಕಾಲದಲ್ಲಿ, ಬಂಗುಡೆ, ಬೂತಾಯಿ ರಾಶಿಗಟ್ಟಲೆ ಸಿಕ್ಕಿದರೆ ಅದೇ ದಿನ ತಿಂದು, ಮಾರಿ ಮುಗಿಸಬೇಕಿತ್ತು. ಉಳಿದದ್ದು ಉಪ್ಪಿಗೆ, ಬಿಸಿಲಿಗೆ, ಕೊನೆಗೆ ತೆಂಗಿನ ಬುಡಕ್ಕೆ ಗೊಬ್ಬರವಾಗಿ. 1975–76ರ ಹೊತ್ತಿಗೆ, ಕಡಲಿನಲ್ಲೇ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದವು. ರಂಪಣಿಯವರಿಗೂ ಪರ್ಸೀನ್ ಬೋಟಿನವರಿಗೂ ಜಗಳಗಳಾದವು, ರಂಪಣಿ ಹಿಂದೆ ಸರಿಯಿತು. ಹಿಡಿದದ್ದನ್ನು ದೂರದ ಪೇಟೆಗೆ ಹಸಿಯಾಗಿಯೇ ಮುಟ್ಟಿಸಬೇಕೆಂದರೆ ಐಸ್ ಪ್ಲಾಂಟ್ ಬೇಕು, ಐಸ್ ಹಿಡಿದಿಡುವ ಪೆಟ್ಟಿಗೆ ಬೇಕು. ಕೊಚ್ಚಿಯಲ್ಲಿ 1957ರಲ್ಲಿ ಶುರುವಾದ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ಇದಕ್ಕೆ ಕಂಡುಕೊಂಡ ಉಪಾಯ ಬಹಳ ಸರಳ: ಚಹಾ ತುಂಬಿ ಬಂದ ಹಳೆಯ ಪ್ಲೈವುಡ್ ಪೆಟ್ಟಿಗೆಯ ಒಳಮೈಗೆ ಥರ್ಮೊಕೋಲ್ ಹಲಗೆ ಜೋಡಿಸುವುದು. ಸೆಕೆಯ ನಾಡಿನಲ್ಲಿ ದೂರ ಸಾಗಿಸುವ ಮೀನಿಗೆ ಸರಿಸಮ ತೂಕದ ಐಸ್ ಹಾಕುವುದು ವಾಡಿಕೆ. ಪೆಟ್ಟಿಗೆ ಕೆಟ್ಟದಾಗಿದ್ದರೆ ಹಾಳಾಗುವುದು ಒಬ್ಬರ ಪಿಕ್‌ನಿಕ್ ಅಲ್ಲ, ಒಂದು ಮನೆಯ ಸಂಪಾದನೆ. ಐಸ್ ಬಾಕ್ಸಿನ ಗುಣ ತೂಗುವುದಕ್ಕೆ ಇದಕ್ಕಿಂತ ಒಳ್ಳೆಯ ತಕ್ಕಡಿ ಇಲ್ಲ.

ಆ ಥರ್ಮೊಕೋಲ್‌ನ ಕಥೆ ರಬಾಳೆಯ ನೆರೆಯಲ್ಲೇ ಇದೆ. ರಬಾಳೆಯಿಂದ ವಾಶಿಯ ರೈಲು ಹತ್ತಿದರೆ ಮೂರನೆಯ ನಿಲ್ದಾಣ ತುರ್ಭೆ. ಆರ್.ಎ. ಕೋಲ್ ಎಂಬ ಹೆಸರಿನಲ್ಲಿ 1943ರಲ್ಲಿ ನೋಂದಾಯಿತವಾದ ಕಂಪನಿ ಮುಂದೆ ಬಿಎಎಸ್‌ಎಫ್ ಇಂಡಿಯಾ ಆಯಿತು. ಥರ್ಮೊಕೋಲ್‌ನ ಕಾಳು ತಯಾರಿಸುತ್ತಿದ್ದ ಅದರ ಕಾರ್ಖಾನೆ ಇದ್ದದ್ದು ಇದೇ ಥಾಣೆ–ಬೇಲಾಪುರ ರಸ್ತೆಯ ತುರ್ಭೆಯಲ್ಲಿ. ಸಾಸಿವೆಯಷ್ಟು ಸಣ್ಣ ಪಾಲಿಸ್ಟೈರೀನ್ ಕಾಳುಗಳಿಗೆ ಹಬೆ ಕೊಟ್ಟರೆ ಅವು ಹತ್ತಾರು ಪಟ್ಟು ಉಬ್ಬಿ, ಅಚ್ಚಿನಲ್ಲಿ ಒಂದಕ್ಕೊಂದು ಅಂಟಿ ಹಲಗೆಯಾಗುತ್ತವೆ. ಅದರಲ್ಲಿ ಶೇಕಡ 98ರಷ್ಟು ಗಾಳಿಯೇ. ಟ್ಯೂಡರ್ ಹೊಟ್ಟಿನಿಂದ ಮಾಡಿಸಿದ ಕೆಲಸವನ್ನು ತೊಯ್ಯದೆ ಮಾಡುವ ವಸ್ತು ಕೊನೆಗೂ ಸಿಕ್ಕಿತ್ತು. ಆದರೆ ಅದಕ್ಕೆ ತ್ರಾಣವಿಲ್ಲ. ಮೂಲೆ ಮುರಿಯುತ್ತದೆ, ಮುಚ್ಚಳದ ಅಂಚು ಸವೆಯುತ್ತದೆ, ಚೂರುಗಳು ಗಾಳಿಗೆ ಹಾರುತ್ತವೆ. ಥಾಣೆ ಖಾರಿಯ ಕಾಂಡ್ಲಾ ಗಿಡಗಳ ಬೇರಿಗೆ ಸಿಕ್ಕಿಕೊಂಡ ಬಿಳಿ ತುಂಡುಗಳನ್ನು ಕೋಲಿ ಸಮುದಾಯದ ಮೀನುಗಾರರು ದಿನವೂ ಕಾಣುತ್ತಾರೆ. 2018ರಲ್ಲಿ ಮಹಾರಾಷ್ಟ್ರ ಸರ್ಕಾರ ಥರ್ಮೊಕೋಲ್ ತಟ್ಟೆ, ಲೋಟಗಳನ್ನು ನಿಷೇಧಿಸಿತು. ಒಂದೇ ಪ್ರವಾಸಕ್ಕೆಂದು ಅಗ್ಗದ ಥರ್ಮೊಕೋಲ್ ಡಬ್ಬಿ ಕೊಂಡು ಕಾಡಿನಲ್ಲಿ ಬಿಟ್ಟುಬರುವುದು ಯಾವ ಲೆಕ್ಕದಲ್ಲೂ ಉಳಿತಾಯವಲ್ಲ.

ಅಮೆರಿಕದಲ್ಲಿ ಪ್ರವಾಸದ ಪೆಟ್ಟಿಗೆ ಬೇರೆ ಹಾದಿ ಹಿಡಿಯಿತು. 1950ರ ದಶಕದಲ್ಲಿ ಕೋಲ್ಮನ್ ಕಂಪನಿ ತಗಡಿನ ಐಸ್ ಚೆಸ್ಟ್ ಮಾರಿತು, ಬಳಿಕ ಒಳಮೈಗೆ ಪ್ಲಾಸ್ಟಿಕ್ ಬಂತು. 2006ರಲ್ಲಿ ಟೆಕ್ಸಾಸಿನ ಸೈಡರ್ಸ್ ಸಹೋದರರು ಯೇತಿ ಕಂಪನಿ ಶುರುಮಾಡಿದ್ದು, ಮೀನು ಹಿಡಿಯಲು ಹೋದಾಗ ಮುರಿಯದಂಥ ಪೆಟ್ಟಿಗೆ ಬೇಕೆಂದು. ಅವರು ಹಿಡಿದ ವಿಧಾನ ರೊಟೊಮೋಲ್ಡಿಂಗ್: ಅಚ್ಚಿನೊಳಗೆ ಪ್ಲಾಸ್ಟಿಕ್ ಪುಡಿ ಹಾಕಿ, ಕಾಯಿಸುತ್ತ ತಿರುಗಿಸಿದರೆ ಬೆಸುಗೆಯಿಲ್ಲದ ಒಂದೇ ತುಂಡಿನ ಚಿಪ್ಪು ಸಿಗುತ್ತದೆ. ಇದು ನಮಗೆ ಅಪರಿಚಿತ ವಿದ್ಯೆಯೇನಲ್ಲ. 1970ರ ದಶಕದಿಂದ ನಮ್ಮ ತಾರಸಿಗಳ ಮೇಲೆ ಕೂತಿರುವ ಸಿಂಟೆಕ್ಸ್‌ನ ಕಪ್ಪು ಟ್ಯಾಂಕುಗಳು ಹುಟ್ಟುವುದೂ ಹೀಗೆಯೇ. ಇಂದು ಮೀನು ಬಂದರುಗಳಲ್ಲಿ ಬಳಸುವ ದೊಡ್ಡ ಐಸ್ ಬಾಕ್ಸುಗಳೂ ಇದೇ ಜಾತಿಯವು. ಚಿಪ್ಪಿನ ನಡುವೆ ಪಫ್, ಅಂದರೆ ಪಾಲಿಯುರೆಥೇನ್ ನೊರೆ, ತುಂಬಿರುತ್ತದೆ.

ಗೋಡೆ ಎಷ್ಟು ದಪ್ಪವಿರಬೇಕು? ಒಂದು ಕಿಲೊ ಐಸ್ ಕರಗಲು ಸುಮಾರು 80 ಕಿಲೊಕ್ಯಾಲರಿ ಶಾಖ ಬೇಕು. ಒಟ್ಟು ಒಂದು ಚದರ ಮೀಟರ್ ಮೈಯುಳ್ಳ ಪೆಟ್ಟಿಗೆ, ಹೊರಗೆ 30 ಡಿಗ್ರಿ ಸೆಲ್ಸಿಯಸ್ ಎಂದು ಇಟ್ಟುಕೊಂಡರೆ, ಎರಡೂವರೆ ಸೆಂಟಿಮೀಟರ್ ಥರ್ಮೊಕೋಲ್ ಗೋಡೆಯೊಳಗೆ ದಿನಕ್ಕೆ ಸುಮಾರು 11 ಕಿಲೊ ಐಸ್ ಕರಗುತ್ತದೆ. ಅದೇ ಅಳತೆಯ ಪೆಟ್ಟಿಗೆಗೆ ಐದು ಸೆಂಟಿಮೀಟರ್ ಪಫ್ ಇದ್ದರೆ ಸುಮಾರು ನಾಲ್ಕು ಕಿಲೊ. ಇದು ಮುಚ್ಚಳ ತೆರೆಯದೆ ಇಟ್ಟಾಗಿನ ಲೆಕ್ಕ. ಪದೇ ಪದೇ ತೆರೆದರೆ ಯಾವ ಗೋಡೆಯೂ ಕಾಪಾಡದು.

ಹಾಗಾಗಿ ಅಂಗಡಿಯಲ್ಲಿ ಬಣ್ಣ, ಹೆಸರುಗಳಿಗಿಂತ ಮೊದಲು ನೋಡಬೇಕಾದದ್ದು ಮುಚ್ಚಳ. ಎಷ್ಟೋ ಪೆಟ್ಟಿಗೆಗಳಲ್ಲಿ ಗೋಡೆಗೆ ನೊರೆ ತುಂಬಿ, ಮುಚ್ಚಳವನ್ನು ಟೊಳ್ಳಾಗಿಯೇ ಬಿಟ್ಟಿರುತ್ತಾರೆ. ಬೆರಳಿನಿಂದ ತಟ್ಟಿದರೆ ಸದ್ದಿನಲ್ಲೇ ಅದು ತಿಳಿಯುತ್ತದೆ. ಮುಚ್ಚಳದ ಅಂಚಿನಲ್ಲಿ ರಬ್ಬರ್ ಪಟ್ಟಿ ಇರಬೇಕು, ಮುಚ್ಚಿದಾಗ ಅದು ಸುತ್ತಲೂ ಒಂದೇ ಸಮ ಒತ್ತಬೇಕು. ನೀರು ಬಿಡುವ ಬಿರಡೆ ತಳಮಟ್ಟದಲ್ಲಿರಬೇಕು. ಮೊದಲು ಹಾಳಾಗುವುದು ರಬ್ಬರ್ ಪಟ್ಟಿ, ಕೀಲು, ಬಿರಡೆ ಈ ಮೂರು. ಇವು ಬಿಡಿಯಾಗಿ ಸಿಗುವ ಪೆಟ್ಟಿಗೆ ಹತ್ತು ವರ್ಷವಾದರೂ ರಿಪೇರಿಯಾಗುತ್ತದೆ. ಸಿಗದಿದ್ದರೆ, ಗಟ್ಟಿ ಚಿಪ್ಪಿದ್ದರೂ ಒಂದು ಕೀಲು ಮುರಿದ ದಿನವೇ ಅದು ಗುಜರಿಯವನ ಪಾಲು.