ಕಂಪನಿಯ ಲೀಸ್ ಕಾರು: ಸಂಬಳ ಬಿಟ್ಟುಕೊಟ್ಟು ಪಡೆದರೆ ಲಾಭವಿದೆಯೇ?

ಮಹಾನಗರಗಳ ದೊಡ್ಡ ಸಂಸ್ಥೆಗಳಲ್ಲಿ ದುಡಿಯುವ ನಮ್ಮ ಮಕ್ಕಳ ಸಂಬಳದ ವಿವರಪತ್ರದಲ್ಲಿ ಈಚಿನ ವರ್ಷಗಳಲ್ಲಿ ‘ಕಾರ್ ಲೀಸ್’ ಎಂಬ ಸಾಲೊಂದು ಕಾಣಿಸಿಕೊಳ್ಳುತ್ತಿದೆ. ಪುಣೆಯ ಹಿಂಜವಡಿಯಾಗಲಿ, ಹೈದರಾಬಾದಿನ ಗಚ್ಚಿಬೌಲಿಯಾಗಲಿ, ಮುಂಬಯಿಯ ಪೊವಾಯಿಯಾಗಲಿ, ಏರ್ಪಾಡು ಹೆಚ್ಚುಕಡಿಮೆ ಒಂದೇ. ‘ಸಂಬಳದಿಂದಲೇ ಕಾರು, ಮೇಲೆ ತೆರಿಗೆಯ ಉಳಿತಾಯ’ ಎಂಬ ಮಾತು ಕೇಳಲು ಸೊಗಸಾಗಿದೆ. ಅದು ಯಾರ ಪಾಲಿಗೆ ನಿಜ, ಯಾರ ಪಾಲಿಗೆ ಅಲ್ಲ ಎಂಬುದನ್ನು ಅಂಕಿಗಳ ಆಧಾರದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಏರ್ಪಾಡಿನ ಸ್ವರೂಪ ಹೀಗಿದೆ. ನೌಕರನು ಆಯ್ದ ಕಾರನ್ನು ಲೀಸ್ ಕಂಪನಿಯೊಂದು ಕೊಂಡು ಉದ್ಯೋಗ ಸಂಸ್ಥೆಗೆ ಬಾಡಿಗೆಗೆ ಕೊಡುತ್ತದೆ. ಸಂಸ್ಥೆ ಅದನ್ನು ನೌಕರನ ಉಪಯೋಗಕ್ಕೆ ಒಪ್ಪಿಸುತ್ತದೆ. ಬಾಡಿಗೆಯನ್ನು ಸಂಸ್ಥೆಯೇ ಕಟ್ಟಿದರೂ ಅಷ್ಟು ಮೊತ್ತ ನೌಕರನ ಒಟ್ಟು ವೇತನದ ಲೆಕ್ಕದಿಂದ, ಸಾಮಾನ್ಯವಾಗಿ ವಿಶೇಷ ಭತ್ಯೆಯಿಂದ, ಕಡಿತವಾಗುತ್ತದೆ. ಅಂದರೆ ಕಾರಿನ ಖರ್ಚು ನೌಕರನದೇ. ಆದರೆ ಅದು ತೆರಿಗೆ ಬೀಳುವ ಮುನ್ನವೇ ಸಂಬಳದಿಂದ ಹೊರಟುಹೋಗುತ್ತದೆ. ಮೂರು, ನಾಲ್ಕು ಅಥವಾ ಐದು ವರ್ಷಗಳ ಅವಧಿ ಮುಗಿದಾಗ ಮೊದಲೇ ಗೊತ್ತುಮಾಡಿದ ಉಳಿಕೆ ಬೆಲೆಯನ್ನು ಕೊಟ್ಟು ಕಾರನ್ನು ಕೊಳ್ಳಬಹುದು, ಇಲ್ಲವೆ ಹಿಂದಿರುಗಿಸಬಹುದು. ಇಂಗ್ಲೆಂಡಿನಲ್ಲಿ ‘ಸ್ಯಾಲರಿ ಸ್ಯಾಕ್ರಿಫೈಸ್’ ಎನ್ನುವುದೂ ಇದೇ ಬಗೆಯದು. ಆದರೆ ಅಲ್ಲಿ 2017ರ ಏಪ್ರಿಲ್‌ನಿಂದ ತೆರಿಗೆಯ ಲಾಭ ಬಹುಮಟ್ಟಿಗೆ ತೀರ ಕಡಿಮೆ ಹೊಗೆಯುಗುಳುವ ಮತ್ತು ವಿದ್ಯುತ್ ಕಾರುಗಳಿಗಷ್ಟೇ ಉಳಿದಿದೆ. ಆದ್ದರಿಂದ ಅಲ್ಲಿರುವ ಬಂಧುಗಳು ಹೇಳುವ ಲೆಕ್ಕವನ್ನು ಇಲ್ಲಿಗೆ ಅನ್ವಯಿಸಲಾಗದು.

ನಮ್ಮಲ್ಲಿ ಲಾಭದ ಮೂಲ ಇರುವುದು ಆದಾಯ ತೆರಿಗೆಯ ಒಂದು ನಿಯಮದಲ್ಲಿ. ಸಂಸ್ಥೆ ಒದಗಿಸಿದ ಕಾರನ್ನು ನೌಕರನು ಕಚೇರಿಯ ಕೆಲಸಕ್ಕೂ ಮನೆಯ ಕೆಲಸಕ್ಕೂ ಬಳಸಿದರೆ, ಆ ಸೌಲಭ್ಯದ ಬೆಲೆಯೆಂದು ಒಂದು ನಿಗದಿತ ಮೊತ್ತವನ್ನು ಮಾತ್ರ ಆತನ ಆದಾಯಕ್ಕೆ ಸೇರಿಸಲಾಗುತ್ತದೆ. 1962ರ ಆದಾಯ ತೆರಿಗೆ ನಿಯಮಗಳ ಪ್ರಕಾರ, ನಡೆಸುವ ಖರ್ಚನ್ನೂ ಸಂಸ್ಥೆಯೇ ಭರಿಸಿದಾಗ, 1.6 ಲೀಟರ್‌ವರೆಗಿನ ಎಂಜಿನ್ನಿಗೆ ಈ ಮೊತ್ತ ತಿಂಗಳಿಗೆ 1,800 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,400 ರೂಪಾಯಿ. ಚಾಲಕನನ್ನೂ ಒದಗಿಸಿದರೆ ಇನ್ನೂ 900 ರೂಪಾಯಿ. ಬಾಡಿಗೆ ಇಪ್ಪತ್ತೈದು ಸಾವಿರವಿದ್ದರೂ ತೆರಿಗೆ ಬೀಳುವುದು ಈ ಅಲ್ಪ ಮೊತ್ತದ ಮೇಲೆ. ಮನೆ ಬಾಡಿಗೆ ಭತ್ಯೆ, ಪ್ರವಾಸ ಭತ್ಯೆ, 80ಸಿ ಮೊದಲಾದ ರಿಯಾಯಿತಿಗಳೆಲ್ಲ ಹೊಸ ತೆರಿಗೆ ಪದ್ಧತಿಯಲ್ಲಿ ಇಲ್ಲವಾದರೂ, ಕಾರಿನ ಈ ನಿಯಮ ಎರಡೂ ಪದ್ಧತಿಗಳಿಗೆ ಅನ್ವಯಿಸುತ್ತ ಬಂದಿದೆ. ಸಿಬ್ಬಂದಿ ವಿಭಾಗದವರು ಈ ಯೋಜನೆಯನ್ನು ಇಷ್ಟು ಉತ್ಸಾಹದಿಂದ ಮುಂದಿಡುವುದಕ್ಕೆ ಅದೇ ಕಾರಣ.

ಇಲ್ಲಿ ಒಂದು ಷರತ್ತನ್ನು ಮರೆಯಬಾರದು. ಕಾರು ಕೇವಲ ಸ್ವಂತ ಬಳಕೆಗಾಗಿ ಮಾತ್ರ ಎಂದಾದರೆ ನಿಗದಿತ ಮೊತ್ತದ ಅನುಕೂಲವಿಲ್ಲ. ಸಂಸ್ಥೆಗೆ ತಗಲಿದ ನಿಜವಾದ ಖರ್ಚೆಲ್ಲ ನೌಕರನ ಆದಾಯವಾಗುತ್ತದೆ. ಮನೆಯಲ್ಲೇ ಕುಳಿತು ವರ್ಷವಿಡೀ ಕೆಲಸ ಮಾಡುವವರು ಈ ಮಾತನ್ನು ಗಮನದಲ್ಲಿಡತಕ್ಕದ್ದು.

ಇನ್ನು ಲೆಕ್ಕಕ್ಕೆ ಬರೋಣ. ಅಂಕಿಗಳು ಉದಾಹರಣೆಗಾಗಿ ನಾವೇ ಇಟ್ಟುಕೊಂಡವು. ಓದುಗರು ತಮ್ಮ ಕೈಗೆ ಬಂದ ಕೊಟೇಶನ್ನಿನ ಅಂಕಿಗಳನ್ನು ಅದೇ ಜಾಗದಲ್ಲಿ ಇಟ್ಟುಕೊಳ್ಳಬಹುದು. ರಸ್ತೆಗಿಳಿಯುವಾಗ 10 ಲಕ್ಷ ರೂಪಾಯಿ ಬೀಳುವ ಚಿಕ್ಕ ಪೆಟ್ರೋಲ್ ಕಾರು, ನಾಲ್ಕು ವರ್ಷಗಳ ಅವಧಿ. ಸಾಲ ಮಾಡಿ ಕೊಂಡರೆ, ಪೂರ್ತಿ ಬೆಲೆಗೂ ಶೇಕಡಾ 9ರ ಬಡ್ಡಿ ಎಂದಿಟ್ಟುಕೊಂಡರೆ ತಿಂಗಳ ಕಂತು 24,885 ರೂಪಾಯಿ. 48 ಕಂತುಗಳಿಗೆ 11,94,480. ವಿಮೆ ಮತ್ತು ಸರ್ವಿಸ್‌ಗೆ ನಾಲ್ಕು ವರ್ಷಕ್ಕೆ 1,40,000 ಸೇರಿಸಿದರೆ ಒಟ್ಟು 13,34,480. ಅದೇ ಕಾರು ಲೀಸ್‌ನಲ್ಲಾದರೆ, ವಿಮೆ, ಸರ್ವಿಸ್, ಜಿ.ಎಸ್.ಟಿ. ಎಲ್ಲ ಸೇರಿ ಬಾಡಿಗೆ ತಿಂಗಳಿಗೆ 25,000, ಕೊನೆಗೆ ತೆರಿಗೆ ಸೇರಿ ಉಳಿಕೆ ಬೆಲೆ 2,50,000 ಎಂದಿರಲಿ. ಒಟ್ಟು 14,50,000. ಪೆಟ್ರೋಲು ಎರಡರಲ್ಲೂ ಇರುವುದರಿಂದ ಅದನ್ನು ಬಿಟ್ಟಿದ್ದೇವೆ.

ತೆರಿಗೆಯನ್ನು ಬದಿಗಿಟ್ಟರೆ ಲೀಸ್ 1,15,520 ರೂಪಾಯಿ ತುಟ್ಟಿ. ಇದು ಆಶ್ಚರ್ಯವಲ್ಲ, ನಡುವೆ ನಿಂತವರಿಗೂ ಲಾಭ ಬೇಕಷ್ಟೆ. ಆದ್ದರಿಂದ ಪ್ರಶ್ನೆ ಇಷ್ಟೇ: ನೌಕರನಿಗೆ ಉಳಿಯುವ ತೆರಿಗೆ ಈ ಕೊರತೆಯನ್ನು ತುಂಬಿ ಮಿಗುತ್ತದೆಯೇ? 25,000ದಲ್ಲಿ 1,800 ಕಳೆದರೆ ತಿಂಗಳಿಗೆ 23,200 ರೂಪಾಯಿ ತೆರಿಗೆಯಿಂದ ಹೊರಗುಳಿಯುತ್ತದೆ. 2025-26ರ ಹೊಸ ಪದ್ಧತಿಯಲ್ಲಿ 24 ಲಕ್ಷಕ್ಕೆ ಮೇಲ್ಪಟ್ಟ ಆದಾಯಕ್ಕೆ ಶೇಕಡಾ 30, ಸೆಸ್ ಸೇರಿ 31.2. ಈ ಸ್ಲ್ಯಾಬಿನವರಿಗೆ ನಾಲ್ಕು ವರ್ಷಗಳಲ್ಲಿ ಸುಮಾರು 3,47,000 ರೂಪಾಯಿ ತೆರಿಗೆ ಉಳಿಯುತ್ತದೆ. ಕೊರತೆಯನ್ನು ಕಳೆದರೆ ನಿಜವಾದ ಲಾಭ ಸುಮಾರು 2,32,000. ಅಂದರೆ ತಿಂಗಳಿಗೆ 4,800ರ ಆಸುಪಾಸು. ಮಾರಾಟದವರು ‘ಶೇಕಡಾ 31 ಉಳಿತಾಯ’ ಎಂದು ತೋರಿಸುವ ಅಂಕಿಗೂ ಇದಕ್ಕೂ ಸಾಕಷ್ಟು ಅಂತರವಿದೆ. ಆದರೂ ಇದು ಅಲ್ಲಗಳೆಯುವ ಮೊತ್ತವಲ್ಲ.

12ರಿಂದ 16 ಲಕ್ಷದ ನಡುವಿನ ಶೇಕಡಾ 15ರ ಸ್ಲ್ಯಾಬಿನಲ್ಲೇ ಪೂರ್ತಿ ಕಡಿತವಾಗುವವರಿಗೆ ಉಳಿಯುವ ತೆರಿಗೆ ಸುಮಾರು 1,74,000, ನಿವ್ವಳ ಲಾಭ 58,000. ನಾಲ್ಕು ವರ್ಷಗಳ ಕಟ್ಟುಪಾಡಿಗೆ ಇದು ತೀರ ತೆಳುವಾದ ಅಂಚು. ತೆರಿಗೆಗೆ ಒಳಪಡುವ ಆದಾಯ 12 ಲಕ್ಷದೊಳಗಿದ್ದರೆ ರಿಬೇಟ್‌ನಿಂದಾಗಿ ತೆರಿಗೆಯೇ ಇಲ್ಲ. ಇಲ್ಲದ ತೆರಿಗೆಯನ್ನು ಉಳಿಸುವುದೆಂತು? ಅವರಿಗೆ ಲೀಸ್ ಎಂದರೆ 1,15,520 ರೂಪಾಯಿಯ ನಷ್ಟ, ಅಷ್ಟೇ.

ಇವೆರಡರ ನಡುವೆ ಒಂದು ವಿಚಿತ್ರ ಪ್ರಸಂಗವಿದೆ. ತೆರಿಗೆಗೆ ಒಳಪಡುವ ಆದಾಯ 14 ಲಕ್ಷ ಇರುವವರನ್ನು ತೆಗೆದುಕೊಳ್ಳಿ. ಅವರು ಕಟ್ಟಬೇಕಾದ ತೆರಿಗೆ ಸೆಸ್ ಸೇರಿ 93,600. ಲೀಸ್ ಪಡೆದೊಡನೆ ವರ್ಷಕ್ಕೆ 2,78,400 ರೂಪಾಯಿ ಕಡಿಮೆಯಾಗಿ ಆದಾಯ 11,21,600ಕ್ಕೆ ಇಳಿಯುತ್ತದೆ. 12 ಲಕ್ಷದ ಗೆರೆಯ ಕೆಳಗೆ ಬಂದದ್ದರಿಂದ ತೆರಿಗೆ ಸೊನ್ನೆ! ವರ್ಷಕ್ಕೆ 93,600ರ ಉಳಿತಾಯ, ಶೇಕಡಾ 30ರ ಸ್ಲ್ಯಾಬಿನ ದೊಡ್ಡ ಅಧಿಕಾರಿಗೆ ಸಿಗುವುದಕ್ಕಿಂತಲೂ ಹೆಚ್ಚು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ವ್ಯವಹಾರವಿಲ್ಲ. ಆದರೆ ತಿಂಗಳಿಗೆ ಒಂದು ಲಕ್ಷದಷ್ಟು ಕೈಗೆ ಬರುವ ಮನೆಯಲ್ಲಿ, ಬಾಡಿಗೆ ಮನೆ, ಮಕ್ಕಳ ಶಾಲೆ, ಊರಿನಲ್ಲಿರುವ ತಂದೆತಾಯಿಗಳ ಔಷಧಿ ಎಲ್ಲವೂ ಇರುವಾಗ, 25,000 ಕಾರಿಗೆಂದೇ ಹೋಗಬಹುದೇ ಎಂಬುದನ್ನು ತೆರಿಗೆಯ ಕೋಷ್ಟಕ ಹೇಳುವುದಿಲ್ಲ. ಈ ವರಮಾನದವರು ಕಾರು ಬೇಕೇ ಬೇಕೆಂದು ಮೊದಲೇ ನಿಶ್ಚಯಿಸಿದ್ದರೆ ಲೀಸ್ ಉತ್ತಮ. ತೆರಿಗೆ ಉಳಿಯುತ್ತದೆಂದು ಕಾರು ಕೊಳ್ಳಹೊರಟರೆ ಅಲ್ಲ. 31 ಪೈಸೆ ಉಳಿಸಲು 69 ಪೈಸೆ ಖರ್ಚಾಗುತ್ತದೆ ಎಂಬುದು ದೊಡ್ಡ ಸಂಬಳದವರಿಗೂ ಸಲ್ಲುವ ಮಾತು. ಎಂಟು ಲಕ್ಷದ ಕಾರು ಸಾಕೆನ್ನುತ್ತಿದ್ದವರು ಹದಿನಾಲ್ಕು ಲಕ್ಷದ್ದಕ್ಕೆ ಏರುವುದನ್ನು ನಾವು ನಮ್ಮ ಬ್ಯಾಂಕಿನ ಗ್ರಾಹಕರಲ್ಲೇ ಕಂಡಿದ್ದೇವೆ.

2026ರ ಏಪ್ರಿಲ್ 1ರಿಂದ 1961ರ ಕಾಯಿದೆಯ ಸ್ಥಾನಕ್ಕೆ 2025ರ ಆದಾಯ ತೆರಿಗೆ ಕಾಯಿದೆ ಬಂದಿದೆ. ಆದ್ದರಿಂದ ಆ ದಿನಾಂಕದ ನಂತರದ ಲೆಕ್ಕಕ್ಕೆ 1,800ರ ಜಾಗದಲ್ಲಿ ಆಯಾ ವರ್ಷದ ನಿಯಮದ ಮೊತ್ತವನ್ನೇ ಹಾಕಬೇಕು. ಮೊತ್ತ ಏರಿದರೆ ಎಷ್ಟು ವ್ಯತ್ಯಾಸವಾದೀತೆಂದು ನೋಡಲು 5,000 ಎಂದು ಇಟ್ಟುನೋಡೋಣ. ಶೇಕಡಾ 30ರವರ ನಿವ್ವಳ ಲಾಭ 1,84,000ಕ್ಕೆ ಇಳಿಯುತ್ತದೆ, ಅಳಿಯುವುದಿಲ್ಲ. ಶೇಕಡಾ 15ರವರದು 34,000 ರೂಪಾಯಿಗೆ ಬಂದು ನಿಲ್ಲುತ್ತದೆ. ಆ ಸ್ಲ್ಯಾಬಿನವರು ಸಾಲ ಮಾಡಿ ಸ್ವಂತ ಹೆಸರಿನಲ್ಲಿ ಕೊಳ್ಳುವುದೇ ಲೇಸು ಎಂಬುದು ನಮ್ಮ ಅಭಿಪ್ರಾಯ.

ಜಿ.ಎಸ್.ಟಿ. ವಿಚಾರದಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಸೂಕ್ಷ್ಮವೊಂದಿದೆ. ಕಾರಿನ ಮಾರಾಟಕ್ಕೆ ಯಾವ ದರವೋ ಅದರ ಲೀಸ್ ಬಾಡಿಗೆಗೂ ಅದೇ ದರ. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳಿಗೆ ಶೇಕಡಾ 18, ದೊಡ್ಡವಕ್ಕೆ 40, ವಿದ್ಯುತ್ ಕಾರುಗಳಿಗೆ 5. ಲೀಸ್ ಕಂಪನಿ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಜಮೆಗೆ ಹಿಡಿಯಬಹುದಾದರೂ, ಬಾಡಿಗೆಯೊಳಗೆ ಅಡಗಿರುವ ಬಡ್ಡಿ ಮತ್ತು ಲಾಭದ ಮೇಲೂ ತೆರಿಗೆ ಬೀಳುತ್ತದೆ. ಬ್ಯಾಂಕಿನ ಸಾಲದ ಬಡ್ಡಿಗೆ ಜಿ.ಎಸ್.ಟಿ. ಇಲ್ಲ. ಉದ್ಯೋಗ ಸಂಸ್ಥೆಯೂ ಈ ತೆರಿಗೆಯನ್ನು ಜಮೆಗೆ ಹಿಡಿಯಲಾಗದು. ಭಾರವೆಲ್ಲ ನೌಕರನ ಸಂಬಳಕ್ಕೇ ಬರುತ್ತದೆ. ಹೀಗಾಗಿ ದೊಡ್ಡ ಕಾರಿನ ಲೀಸ್ ಈ ಒಂದು ಕಾರಣದಿಂದಲೇ ಹೆಚ್ಚು ತುಟ್ಟಿ, ವಿದ್ಯುತ್ ಕಾರಿನದು ಹಗುರ.

ಇಷ್ಟು ಹಣದ ಮಾತಾಯಿತು. ಇದಕ್ಕಿಂತ ಗಂಭೀರವಾದದ್ದು ನೌಕರಿಯದು. ಲೀಸ್ ಒಪ್ಪಂದ ಉದ್ಯೋಗ ಸಂಸ್ಥೆಯೊಡನೆ. ನೌಕರಿ ಹೋದ ದಿನ ಕಾರಿನ ಆಧಾರವೂ ಹೋಗುತ್ತದೆ. ಆಗ ಸಾಮಾನ್ಯವಾಗಿ ಮೂರು ದಾರಿ. ಹೊಸ ಸಂಸ್ಥೆಯಲ್ಲಿ ಅದೇ ಲೀಸ್ ಕಂಪನಿಯ ವ್ಯವಹಾರವಿದ್ದರೆ ಒಪ್ಪಂದವನ್ನು ವರ್ಗಾಯಿಸಿಕೊಳ್ಳಬಹುದು. ಇಲ್ಲವಾದರೆ ಬಾಕಿ ಅಸಲು, ಉಳಿಕೆ ಬೆಲೆ, ಫೋರ್‌ಕ್ಲೋಶರ್ ಶುಲ್ಕ, ಅದರ ಮೇಲಿನ ತೆರಿಗೆ ಎಲ್ಲವನ್ನೂ ಒಂದೇ ಗಂಟಿನಲ್ಲಿ ಕೊಟ್ಟು ಕಾರನ್ನು ಬಿಡಿಸಿಕೊಳ್ಳಬೇಕು. ಅದೂ ಆಗದಿದ್ದರೆ ದಂಡ ತೆತ್ತು ಹಿಂದಿರುಗಿಸಬೇಕು. ತಾನಾಗಿ ಕೆಲಸ ಬದಲಿಸುವವನು ಇದನ್ನು ಮುಂಚಿತವಾಗಿ ಲೆಕ್ಕ ಹಾಕಿಕೊಂಡಾನು. ಸಂಸ್ಥೆಯೇ ಕೈಬಿಟ್ಟಾಗ ಮಾತು ಬೇರೆ. ಸಾಲದಲ್ಲಿ ಕೊಂಡ ಕಾರಾದರೆ ನಾಲ್ಕಾರು ತಿಂಗಳು ಉಳಿತಾಯದಿಂದ ಕಂತು ಕಟ್ಟಿ ಕಾದು ನೋಡಬಹುದು, ಇಲ್ಲವೆ ಬ್ಯಾಂಕಿನ ಬಾಕಿ ತೀರಿಸಿ ಸಿಕ್ಕ ಬೆಲೆಗೆ ಮಾರಬಹುದು. ಲೀಸ್ ಕಾರಿನಲ್ಲಿ ಕೊನೆಯ ತಿಂಗಳ ಸಂಬಳದ ಲೆಕ್ಕ ಚುಕ್ತಾ ಆಗುವ ಹೊತ್ತಿಗೇ ತೀರ್ಮಾನವಾಗಬೇಕಾಗುತ್ತದೆ. ಆದ್ದರಿಂದ ಸಹಿ ಹಾಕುವ ಮುನ್ನ ಓದಲೇಬೇಕಾದ ಪುಟವೆಂದರೆ ಫೋರ್‌ಕ್ಲೋಶರ್ ಕೋಷ್ಟಕದ್ದು. ಹನ್ನೆರಡನೆಯ, ಇಪ್ಪತ್ತನಾಲ್ಕನೆಯ ತಿಂಗಳಲ್ಲಿ ಬಿಟ್ಟರೆ ಎಷ್ಟು ಕೊಡಬೇಕೆಂಬುದನ್ನು ರೂಪಾಯಿಗಳಲ್ಲಿ ಬರೆಸಿಕೊಳ್ಳಿ. ‘ಕಂಪನಿಯ ಪಾಲಿಸಿಯಂತೆ’ ಎಂಬ ಉತ್ತರಕ್ಕೆ ತೃಪ್ತರಾಗಬೇಡಿ.

ಗೃಹಸಾಲ ಬೇಡುವ ಯೋಚನೆಯಿದ್ದವರಿಗೂ ಒಂದು ಮಾತು. ಲೀಸ್ ನೌಕರನ ಹೆಸರಿನ ಸಾಲವಲ್ಲವಾದ್ದರಿಂದ ಆತನ ಕ್ರೆಡಿಟ್ ವರದಿಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಹಾಗೆಂದು ಬ್ಯಾಂಕಿನ ಕಣ್ಣಿಗೆ ಬೀಳದು ಎಂದು ಭಾವಿಸಬಾರದು. ಸಂಬಳದ ಚೀಟಿಯಲ್ಲಿ ಕೈಗೆ ಬರುವ ಮೊತ್ತ ಕುಗ್ಗಿರುತ್ತದೆ, ತೆರಿಗೆ ರಿಟರ್ನಿನಲ್ಲಿ ಆದಾಯ ಕಡಿಮೆಯಿರುತ್ತದೆ. ಸಾಲದ ಅರ್ಹತೆ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಫ್ಲ್ಯಾಟ್ ನೋಡುತ್ತಿರುವ ದಂಪತಿಗಳು ಮೊದಲು ಗೃಹಸಾಲ ಮಂಜೂರು ಮಾಡಿಸಿಕೊಂಡು ಅನಂತರ ಕಾರಿನ ಕಡೆ ನೋಡುವುದು ಉಚಿತ.

ಪ್ರಸಂಗವಶಾತ್, ನಮ್ಮಂಥ ಬ್ಯಾಂಕ್ ನೌಕರರಿಗೆ ಸಾಮಾನ್ಯವಾಗಿ ಸಿಗುವುದು ಕಡಿಮೆ ಬಡ್ಡಿಯ ವಾಹನ ಸಾಲ. ಅದೇನೂ ತೆರಿಗೆಯಿಂದ ಪಾರಾದದ್ದಲ್ಲ. ಸ್ಟೇಟ್ ಬ್ಯಾಂಕಿನ ದರಕ್ಕೂ ನೌಕರನ ದರಕ್ಕೂ ಇರುವ ಅಂತರವನ್ನು ಸೌಲಭ್ಯವೆಂದು ಗಣಿಸಿ ತೆರಿಗೆ ಹಾಕುವ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯ 2024ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಆದರೂ ಕಾರು ಮೊದಲ ದಿನದಿಂದಲೇ ನಮ್ಮ ಹೆಸರಿನಲ್ಲಿರುತ್ತದೆ.

ಹೆಸರಿನ ಈ ವಿಚಾರಕ್ಕೆ ಇನ್ನೆರಡು ಎಳೆಗಳಿವೆ. ಲೀಸ್ ಕಾರಿನ ಆರ್.ಸಿ. ಮತ್ತು ವಿಮೆ ಸಾಮಾನ್ಯವಾಗಿ ಲೀಸ್ ಕಂಪನಿಯ ಅಥವಾ ಉದ್ಯೋಗ ಸಂಸ್ಥೆಯ ಹೆಸರಿನಲ್ಲಿರುತ್ತವೆ. ನಾಲ್ಕು ವರ್ಷ ಒಂದೂ ಕ್ಲೇಮ್ ಇಲ್ಲದೆ ಓಡಿಸಿದರೆ ಸ್ವಂತ ಪಾಲಿಸಿಯಲ್ಲಿ ಶೇಕಡಾ 45ರ ನೋ ಕ್ಲೇಮ್ ಬೋನಸ್ ಕೂಡಿಬರುತ್ತಿತ್ತು; ಲೀಸ್ ಮುಗಿಸಿ ಕೊಂಡವರು ಅದನ್ನು ಸೊನ್ನೆಯಿಂದ ಆರಂಭಿಸಬೇಕು. ಇನ್ನೊಂದು ಊರಿಗೆ ಮರಳುವವರದು. ಪುಣೆಯಲ್ಲಿ ನೋಂದಾಯಿಸಿದ ಕಾರನ್ನು ಬೆಂಗಳೂರಿಗೋ ಹುಬ್ಬಳ್ಳಿಗೋ ಒಯ್ದು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡರೆ ಮೋಟಾರು ವಾಹನ ಕಾಯಿದೆಯ 47ನೆಯ ಪ್ರಕರಣದಂತೆ ಅಲ್ಲಿ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು, ಕರ್ನಾಟಕದ ತೆರಿಗೆ ಕಟ್ಟಬೇಕು. ಸ್ವಂತ ಕಾರಿಗೇ ಇದು ಆರ್.ಟಿ.ಓ. ಕಚೇರಿಗೆ ಕೆಲವು ಸುತ್ತಿನ ಕೆಲಸ. ಲೀಸ್ ಕಾರಿಗೆ ಮುಂಬಯಿಯಲ್ಲೋ ಗುರುಗ್ರಾಮದಲ್ಲೋ ಕುಳಿತ ಲೀಸ್ ಕಂಪನಿಯ ಒಪ್ಪಿಗೆ ಪತ್ರವೂ ಬೇಕು. ವರ್ಗಾವಣೆಯ ಸಂಭವವಿರುವವರು ಆ ಪತ್ರ ಎಷ್ಟು ದಿನಗಳಲ್ಲಿ ಸಿಗುತ್ತದೆ, ಇನ್ನೊಂದು ರಾಜ್ಯದ ತೆರಿಗೆಯನ್ನು ಯಾರು ಕಟ್ಟುತ್ತಾರೆ ಎಂಬುದನ್ನು ಒಪ್ಪಂದದಲ್ಲೇ ಬರೆಸಿಕೊಂಡಿರಲಿ.