ಅಕ್ಕೋ ಕೋಟೆಯ ಮುಂದೆ

ಇಸ್ರೇಲಿನ ಉತ್ತರ ಕರಾವಳಿಯಲ್ಲಿ, ಮೆಡಿಟರೇನಿಯನ್ ಸಮುದ್ರದೊಳಕ್ಕೆ ಚಾಚಿದ ಭೂಶಿರದ ಮೇಲೆ ಅಕ್ಕೋ ಎಂಬ ಪುರಾತನ ರೇವುಪಟ್ಟಣವಿದೆ. ಇಂಗ್ಲಿಷ್ ಚರಿತ್ರೆಕಾರರು ಅದನ್ನು ಏಕರ್ ಎನ್ನುತ್ತಾರೆ. ಅಲ್ಲಿ ಪ್ರವಾಸಿಗೆ ಎರಡು ಊರುಗಳು ಕಾಣಸಿಗುತ್ತವೆ. ನೆಲದಡಿಯದು 1291ರಲ್ಲಿ ಮಾಮ್ಲೂಕರ ಕೈಯಲ್ಲಿ ಹಾಳಾದ ಕ್ರೂಸೇಡರ ನಗರ: ಕಮಾನುಗಳ ವಿಶಾಲ ಸಭಾಂಗಣಗಳು, ಟೆಂಪ್ಲರ್ ಯೋಧರು ರೇವಿನವರೆಗೆ ತೋಡಿದ, 1994ರಲ್ಲಿ ಪತ್ತೆಯಾದ ಸುರಂಗ. ನೆಲದ ಮೇಲಿನದು ಆಟೋಮನ್ ಪಾಷಾ ಅಲ್-ಜಝ್ಝಾರನ ಪಟ್ಟಣ: 1781ರ ಮಸೀದಿ, ಹಾಳುಬಿದ್ದ ಸಿಸೇರಿಯಾದ ಕಂಬಗಳನ್ನು ತಂದು ನಿಲ್ಲಿಸಿದ ವರ್ತಕರ ಛತ್ರ.

ಆದರೆ ಕನ್ನಡಿಗನ ಹೆಜ್ಜೆ ತಡೆಯುವುದು ಕೋಟೆಗೋಡೆಯ ಬಳಿ. 1799ರ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪುಸುಲ್ತಾನನಿಗೆ ಓಲೆ ಬರೆದು, ಇಂಗ್ಲಿಷರ ನೊಗದಿಂದ ಬಿಡಿಸುವ ಆಸೆ ತೋರಿಸಿದ್ದನು. ಓಲೆ ಇಂಗ್ಲಿಷರಿಗೇ ಸಿಕ್ಕಿತು. ಮಾರ್ಚಿಯಲ್ಲಿ ಅವನು ಅಕ್ಕೋವನ್ನು ಮುತ್ತಿದನು. ಸಮುದ್ರಮಾರ್ಗವಾಗಿ ಬರುತ್ತಿದ್ದ ಅವನ ದೊಡ್ಡ ಫಿರಂಗಿಗಳನ್ನು ಇಂಗ್ಲಿಷ್ ನೌಕಾಧಿಕಾರಿ ಸಿಡ್ನಿ ಸ್ಮಿತ್ ಹಿಡಿದು, ಕೋಟೆಯ ರಕ್ಷಣೆಗೆ ಬಳಸಿದನು. ಪಾಳೆಯದಲ್ಲಿ ಪ್ಲೇಗು ಹಬ್ಬಿತು. ಎರಡು ತಿಂಗಳು ಹೆಣಗಿ, ಮೇ 20ರಂದು ನೆಪೋಲಿಯನ್ ಹಿಮ್ಮೆಟ್ಟಿದನು.

ಅಷ್ಟರಲ್ಲಿ, ಮೇ 4ರಂದು, ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದಿದ್ದನು. ಅಕ್ಕೋ ಸೋತಿದ್ದರೂ ನೆರವು ಸಕಾಲಕ್ಕೆ ಕಾವೇರಿಯನ್ನು ಮುಟ್ಟುವಂತಿರಲಿಲ್ಲ. ಇಂದು ಅಕ್ಕೋದಲ್ಲಿ ಕಾಣುವ ದಪ್ಪ ಹೊರಗೋಡೆಗಳು ಮುತ್ತಿಗೆಯ ತರುವಾಯ ಎದ್ದವು. ನೆಪೋಲಿಯನ್ನನನ್ನು ತಡೆದದ್ದು ಅವುಗಳಿಗಿಂತ ದುರ್ಬಲವಾದ ಗೋಡೆ. ಶ್ರೀರಂಗಪಟ್ಟಣದ ಗೋಡೆಯಾದರೋ ಭದ್ರವಾಗಿಯೇ ಇತ್ತು. ಒಂದೇ ತಿಂಗಳು, ಎರಡು ಕೋಟೆ. ಅಲ್ಲಿ ಇಂಗ್ಲಿಷರು ಗೋಡೆಯ ಒಳಗಿದ್ದರು, ಇಲ್ಲಿ ಹೊರಗಿದ್ದರು.